ಮಕ್ಕಳನ್ನು ಕೇಳದೆ ಹಚ್ಚಿದ ಕಬ್ಬು

ಕೊತ್ತಂಬರಿ ವಾಸನೆಗೆ ಸಿಟ್ಟು ಬರುವವರು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಮೊನ್ನೆ ಗೋಕಾಕದಲ್ಲಿ ಕುಲಗೋಡದ ಕಡೆ ಹೋಗುವ ಬಸ್ಸು ಹತ್ತಿ, ಕಿಟಕಿ ಬಾಜೂ ಜಾಗ ಸಿಕ್ಕಿತಲ್ಲ ಎಂದು ಖುಷಿಪಡುವಷ್ಟರಲ್ಲಿ ಪಕ್ಕಕ್ಕೆ ಒಬ್ಬ ಹೆಣ್ಣುಮಗಳು ಬಂದು ಕುಳಿತಳು. ತೊಡೆಯ ಮೇಲೆ ಒದ್ದೆ ಅರಿವೆಯಲ್ಲಿ ಸುತ್ತಿದ ಕೊತ್ತಂಬರಿ ಗಂಟು. ಸಂತೆಯಲ್ಲಿ ಮಾರಿ ಉಳಿದದ್ದಿರಬೇಕು, ಬೇರಿನ ಮಣ್ಣು ಇನ್ನೂ ಹಸಿಯಾಗಿತ್ತು. ಬಸ್ಸು ಒಂದು ತಗ್ಗಿನಲ್ಲಿ ಇಳಿದು ಎದ್ದಾಗ ಗಂಟು ನನ್ನ ಮೈಗೆ ಒತ್ತಿ ವಾಸನೆ ಘಮ್ಮೆಂದು ಮೂಗಿಗೆ ಬಂತು. ನನಗೆ ಗೊತ್ತಿಲ್ಲದಂತೆ ಹಲ್ಲು ಕಚ್ಚಿದ್ದೆ. ಅವಳು ಮುಖ ನೋಡಿ, ಆರಾಮಿಲ್ಲವೇನು ಎಂದು ಕೇಳಿದಳು. ಆರಾಮಿದ್ದೇನೆ ಎಂದೆ. ಪಾಪ, ಅವಳಿಗೆ ಏನಂತ ಹೇಳುವುದು?

ಹೊರಟಿದ್ದು ಆ ಸಿಟ್ಟು ಹುಟ್ಟಿದ ಊರಿಗೇ. ಕುಲಗೋಡ ದಾಟಿ ಇನ್ನೊಂದಿಷ್ಟು ಒಳಗೆ ಹೋದರೆ ಸಿಗುವ ಊರು. ಹೆಸರು ಬೇಡ. ಆ ಜನ ಇದನ್ನು ಓದಿದರೆ ಮುಂದೆ ನನಗೆ ಅಲ್ಲಿ ಚಹಾ ಸಿಗುವುದಿಲ್ಲ ಎಂದು ಬರೆಯಲು ಹೊರಟಿದ್ದೆ, ಆದರೆ ಅದು ಸುಳ್ಳು. ಸಿಗುತ್ತದೆ. ಅವರೊಂದಿಗಿನ ತೊಂದರೆಯೇ ಅದು. ಎಷ್ಟು ಸಿಟ್ಟು ಮಾಡಿದರೂ, ಎಷ್ಟು ಒದರಾಡಿದರೂ, ಕೊನೆಗೆ ಕೈಯಲ್ಲಿ ಒಂದು ಕಪ್ ಚಹಾ ಇಟ್ಟುಬಿಡುತ್ತಾರೆ. ನಾಲ್ಕು ವರ್ಷದ ಹಿಂದೆ ಆ ಊರಿನ ಹೈಸ್ಕೂಲಿನಲ್ಲಿ ಒಂದು ವರ್ಷ ಕೃಷಿ ವಿಷಯದ ಟೀಚರಾಗಿದ್ದೆ, ಅವರ ಬಾಯಲ್ಲಿ ಅಕ್ಕೋರು. ಈಗ ಹುಕ್ಕೇರಿ ಕಡೆಯ ಇನ್ನೊಂದು ಶಾಲೆಯಲ್ಲಿದ್ದೇನೆ. ಮೊನ್ನೆ ಹೊರಡುವ ಹಿಂದಿನ ದಿನ ಅಲ್ಲಿನ ಶಾಲಾ ಸಮಿತಿಯ ಅಧ್ಯಕ್ಷರಾದ ಬಾಳಪ್ಪ ಕಾಕಾ ಫೋನ್ ಮಾಡಿ, ದಸರಾ ಸೂಟಿ ಮುಗಿಯುವುದರೊಳಗೆ ಒಂದು ಸಲ ಬಂದು ಹೋಗಿ ಎಂದರು. ಯಾಕೆ ಎಂದರೆ, ಬಂದಾಗ ಗೊತ್ತಾಗುತ್ತದೆ ಎಂದು ಫೋನ್ ಇಟ್ಟುಬಿಟ್ಟರು. ದಸರಾ ಸೂಟಿಯಲ್ಲಿ ಬಾಳಪ್ಪ ಕಾಕಾನ ತಲೆಗೆ ಏನಾದರೂ ಹೊಳೆದಿದೆ ಎಂದರೆ ನಾನು ಇದ್ದ ಕೆಲಸ ಬಿಟ್ಟು ಬಸ್ಸು ಹಿಡಿಯುತ್ತೇನೆ. ಅದಕ್ಕೆ ಕಾರಣವಿದೆ.

ಆ ವರ್ಷ ಜೂನ್‌ನಲ್ಲಿ ನಾನು ಘೋಡಗೇರಿಯ ನಮ್ಮ ಮನೆಯಿಂದ ಬಸ್ಸು ಬದಲಿಸಿ ಬದಲಿಸಿ ಆ ಶಾಲೆ ಮುಟ್ಟಿದೆ, ಆಮೇಲೆ ವರ್ಷವಿಡೀ ಹಾಗೆಯೇ ಹೋಗಿ ಬಂದೆ. ಒಂಬತ್ತು ಮತ್ತು ಹತ್ತನೇ ತರಗತಿಗೆ ಕೃಷಿ ಒಂದು ವಿಷಯವಾಗಿ ಬಂದು ಆಗಲೇ ಎರಡು ವರ್ಷವಾಗಿತ್ತು. ಆ ಎರಡು ವರ್ಷ ಮಕ್ಕಳು ಕಲಿತದ್ದು ಏನೆಂದು ನೋಡಿದರೆ, ಬೀಜ ಬಿತ್ತುವ ಕೂರಿಗೆಯ ಚಿತ್ರ ಬರೆದು ಭಾಗ ಗುರುತಿಸಿದ್ದರು. ಬೆಳಿಗ್ಗೆ ಎದ್ದು ಕಬ್ಬಿಗೆ ನೀರು ತಿರುವಿ, ಎಮ್ಮೆಗೆ ಮೇವು ಹಾಕಿ, ಕಾಲಿನ ಕೆಸರು ತೊಳೆದುಕೊಂಡು ಶಾಲೆಗೆ ಬಂದು ಕೂರಿಗೆಯ ಚಿತ್ರ ಬರೆಯುವುದು! ಅವರವರ ಮನೆಯ ದನ ಮೇಯುವ ಗ್ವಾದಲಿ ಪಕ್ಕದಲ್ಲಿ ಕೂರಿಗೆ ಬಿದ್ದಿದೆ, ಅದಕ್ಕೆ ಬಣ್ಣದ ಪೆನ್ಸಿಲ್ ಹಚ್ಚಿ ಇಲ್ಲಿ ಬರೆಯುತ್ತಾರೆ. ನಾನು ಹೋದ ವಾರವೇ ಮೇಲಿನವರಿಂದ ಮಾತು ಬಂತು. ವರ್ಷದ ಕೊನೆಗೆ ಹೊರಗಿನ ಪರೀಕ್ಷಕರು ಬಂದಾಗ ಮಕ್ಕಳು ತಾವೇ ಬಿತ್ತಿ ಬೆಳೆದ ಹೊಲವನ್ನು ಶಾಲೆಯ ಜಾಗದಲ್ಲೇ ತೋರಿಸಬೇಕು, ಇಲ್ಲದಿದ್ದರೆ ಮುಂದಿನ ವರ್ಷದಿಂದ ಅಲ್ಲಿ ಕೃಷಿ ವಿಷಯ ಇರುವುದಿಲ್ಲ.

ವಿಷಯ ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ನನಗೆ ಹಟ ಹತ್ತಿದ್ದು ಬೇರೆಯದಕ್ಕೆ. ಆ ಮಕ್ಕಳು ನಡೆಯಲು ಕಲಿತಾಗಿನಿಂದ ಹೊಲದಲ್ಲಿ ದುಡಿದವರು. ಅಷ್ಟು ದುಡಿದರೂ ಏನು ಬಿತ್ತೋಣ ಎಂದು ಅವರನ್ನು ಯಾರೂ ಒಂದೇ ಒಂದು ಸಲ ಕೇಳಿದ್ದಿಲ್ಲ. ನಾನೂ ಒಕ್ಕಲುತನದ ಮನೆಯ ಮಗಳು, ನನ್ನನ್ನೂ ಯಾರೂ ಕೇಳಿರಲಿಲ್ಲ. ಶಾಲೆಯ ಹೊಲದಲ್ಲಾದರೂ ಬೀಜ ಆರಿಸುವುದು, ಬಿತ್ತುವುದು, ಬೇಕಾದರೆ ಕೆಡಿಸುವುದು ಕೂಡ ಅವರದೇ ಆಗಲಿ ಎಂದು ನಿಶ್ಚಯ ಮಾಡಿದೆ.

ಜಾಗವೇನೋ ಇತ್ತು. ಶಾಲೆಯ ಹಿಂದೆ ಎಕರೆಗಿಂತ ಹೆಚ್ಚಿನ ಕರಿಮಣ್ಣು. ಆದರೆ ಅದನ್ನು ಶಾಲೆಯದು ಎಂದು ತಿಳಿದವರು ಊರಿನಲ್ಲಿ ಯಾರೂ ಇರಲಿಲ್ಲ. ಮದುವೆ ಇದ್ದಾಗ ಟ್ರ್ಯಾಕ್ಸ್ ಗಾಡಿಗಳು ಅಲ್ಲೇ ನಿಲ್ಲುತ್ತಿದ್ದವು, ಗೋವಿನಜೋಳದ ತೆನೆ ಅಲ್ಲೇ ಒಣಗುತ್ತಿತ್ತು, ಸಂಜೆ ಕ್ರಿಕೆಟ್ಟು, ಉಳಿದಂತೆ ಜಾಲಿ ಮತ್ತು ಆಡು. ಜಾಲಿ ಕಡಿಸಬೇಕು ಎಂದು ಹೆಡ್ ಮಾಸ್ತರರಿಗೆ ಹೇಳಿದೆ. ಅವರು ಬಹಳ ಒಳ್ಳೆಯವರು. ಯಾರಿಗೂ ಇಲ್ಲ ಎಂದವರಲ್ಲ, ಹೂಂ ಎಂದವರೂ ಅಲ್ಲ. "ನೋಡೂಣ್ರಿ" ಎನ್ನುತ್ತಿದ್ದರು. ಆ ವರ್ಷ ಆ ಒಂದು ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆ ಎಂದರೆ, ಈಗಲೂ ಯಾರಾದರೂ ನೋಡೋಣ ಎಂದರೆ ಎದ್ದು ಹೋಗಬೇಕು ಅನಿಸುತ್ತದೆ.

ಜಾಲಿ ಕಡಿದು ಮುಗಿಸಿದ್ದು ಕೊನೆಗೆ ಮಕ್ಕಳು ಮತ್ತು ನಾನು. ಅದಕ್ಕೆ ಅವರ ತಾಯಂದಿರು ಬಂದು ಜಗಳ ತೆಗೆದರು. ಮುಂದೆ ನಿಂತವಳು ಮಹಾದೇವಿ, ಬಾಳಪ್ಪ ಕಾಕಾನ ಸೊಸೆ, ಹತ್ತನೇ ತರಗತಿಯ ರೇಣುಕಾಳ ಅವ್ವ. ಸಲಿಕೆ ಹಿಡಿಯುವುದು ತಪ್ಪಲಿ ಎಂದು ಶಾಲೆಗೆ ಕಳಿಸಿದರೆ ಇಲ್ಲೂ ಸಲಿಕೆ ಕೊಡುತ್ತೀರಲ್ಲ, ಹಾಗಿದ್ದರೆ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದೆವು ಎಂದಳು. ಮಾತು ಖರೆಯೇ ಇತ್ತು, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ರೇಣುಕಾ ಅವ್ವನ ಹಿಂದೆ ನಿಂತು ನನ್ನ ಕಡೆ ನೋಡಿ ಕಣ್ಣಲ್ಲೇ ತಾಳಿಕೊಳ್ಳಿ ಎಂದಳು. ಸಣ್ಣಕ್ಕಿದ್ದಳು, ಮಾತು ಕಡಿಮೆ, ಆದರೆ ಒಮ್ಮೆ ಇಲ್ಲ ಎಂದರೆ ಮುಗಿಯಿತು.

ಆಮೇಲೆ ವಾರದ ಪುರಾಣ. ಹೊಲದ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಸೋಮವಾರ ಎರಡು ಪಿರಿಯಡ್ ಇಟ್ಟಿದ್ದರು. ಸಣ್ಣ ಸಣ್ಣ ಪಟ್ಟಿ ಮಾಡಲು ಟ್ರ್ಯಾಕ್ಟರ್ ಆಗುವುದಿಲ್ಲ, ಎತ್ತು ಬೇಕು. ಸೋಮವಾರ ಬಸವಣ್ಣನ ವಾರ, ಆ ಊರಿನಲ್ಲಿ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಇದು ಹೆಡ್ ಮಾಸ್ತರರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ವೇಳಾಪಟ್ಟಿ ಬರೆದ ಮಾಸ್ತರರ ಮನೆಯಲ್ಲೇ ಎರಡು ಎತ್ತು ಇದ್ದವು. ಬಹಳ ನೋಡೂಣ್ರಿ ಆದ ಮೇಲೆ ಮಂಗಳವಾರ ಮಾಡಿದರು. ಮಂಗಳವಾರ ಎತ್ತು ಬಂತು, ಆದರೆ ಬೀಜ ಬರಲಿಲ್ಲ. ಮಂಗಳವಾರ ಮನೆಯಿಂದ ಕಾಳು ಹೊರಗೆ ಕೊಡುವುದಿಲ್ಲವಂತೆ. ಮೊದಲೇ ತಂದಿಡಬಾರದೇ ಎಂದರೆ, ಮೊದಲಿನ ದಿನ ಸೋಮವಾರ ಅಲ್ಲೇನ್ರಿ ಎಂದರು. ಎತ್ತಿಗೆ ಸೋಮವಾರವಾದರೆ ಕಾಳಿಗೂ ಸೋಮವಾರವೇ? ಯಾರನ್ನು ಕೇಳುವುದು? ಕೊನೆಗೆ ಬುಧವಾರ ಎಂದು ಗೊತ್ತಾಗುವುದರೊಳಗೆ ಮುಂಗಾರಿನ ಹದ ಕೈಬಿಟ್ಟು ಹೋಗಿತ್ತು.

ಹೋಗಲಿ, ಹಿಂಗಾರಿಯಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಕೂರಿಸಿ ಏನು ಬೆಳೆಯುತ್ತೀರಿ ಎಂದು ಕೇಳಿದೆ. ಮೊದಲ ದಿನ ನೀವೇ ಹೇಳಿ ಅಂದರು. ಮೂರನೇ ದಿನಕ್ಕೆ ಬೈದಾಡಲು ಶುರುಮಾಡಿದರು. ನನಗೆ ಆವತ್ತು ಎಷ್ಟು ಖುಷಿಯಾಯಿತೆಂದರೆ, ಕೂತು ಅವರ ಜಗಳ ಕೇಳಿದೆ. ಇಬ್ಬಿಬ್ಬರಿಗೆ ಒಂದು ಪಟ್ಟಿ. ಒಬ್ಬರು ಮೂಲಂಗಿ, ಒಬ್ಬರು ಕೊತ್ತಂಬರಿ, ಒಬ್ಬರು ಹಸಿಯಾಗಿಯೇ ರೊಟ್ಟಿ ಜೊತೆ ತಿನ್ನುವ ಹಕ್ಕರಕಿ, ಒಬ್ಬರು ಕಡಲೆ. ರೇಣುಕಾ ಮೆಂತೆ ಎಂದಳು. ಯಾಕೆ ಎಂದು ಕೇಳಿದರೆ, ಮೆಂತೆ ಬೇಗ ಬರುತ್ತದೆ, ದೊಡ್ಡವರು ಮನಸ್ಸು ಬದಲಿಸುವುದರೊಳಗೆ ಕಿತ್ತುಕೊಳ್ಳಬಹುದು ಎಂದಳು. ನಾವೆಲ್ಲ ನಕ್ಕೆವು. ದಸರಾ ಸೂಟಿಗೆ ಹಿಂದಿನ ದಿನ ಹಗ್ಗ ಹಿಡಿದು, ಸುಣ್ಣದ ಪುಡಿಯಿಂದ ಗೆರೆ ಹಾಕಿ, ಒಂದೊಂದು ಪಟ್ಟಿಗೆ ಕಟ್ಟಿಗೆ ಚುಚ್ಚಿ ಹೆಸರು ಬರೆದೆವು. ಸೂಟಿ ಮುಗಿದ ಮರುದಿನ ಬಿತ್ತುವುದು ಎಂದು ಎಲ್ಲರಿಗೂ ಹೇಳಿ ನಾನು ಘೋಡಗೇರಿಗೆ ಹೋದೆ.

ತಿರುಗಿ ಬಂದ ದಿನ ನಾನು ಬಸ್ಸಿಳಿದು ಶಾಲೆಯ ಹಿಂದೆ ಹೋಗಿ ನಿಂತವಳು, ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಸುಣ್ಣದ ಗೆರೆ ಇಲ್ಲ, ಕಟ್ಟಿಗೆ ಇಲ್ಲ, ಪಟ್ಟಿ ಇಲ್ಲ. ಆ ಬದುವಿನಿಂದ ಈ ಬದುವಿನವರೆಗೆ ನೇರವಾದ ಸಾಲು ಬಿಟ್ಟು, ಒಂದು ಅಂಗೈಯಷ್ಟು ಜಾಗವನ್ನೂ ಉಳಿಸದೆ ಕಬ್ಬು ಹಚ್ಚಿದ್ದರು! ನೀರು ಹಾಯಿಸಿ ಆಗಿತ್ತು. ಮೂಲೆಯಲ್ಲಿ ಕಾಯಿ ಒಡೆದ ಗುರುತು, ಕುಂಕುಮ, ಎರಡು ಬಾಳೆಹಣ್ಣಿನ ಸಿಪ್ಪೆ.

ಬಾಳಪ್ಪ ಕಾಕಾ ಓಡೋಡಿ ಬಂದರು. ಮುಖದಲ್ಲಿ ಆ ನಗು ನೋಡಬೇಕಿತ್ತು. ಬೀಜದ ಕಬ್ಬು ಯಾರು ಕೊಟ್ಟರು, ಟ್ರ್ಯಾಕ್ಟರ್ ಯಾರದು, ಪೈಪ್‌ಲೈನಿನ ನೀರು ಯಾರು ಬಿಟ್ಟರು, ಊರಿನ ಹಿರಿಯರೆಲ್ಲ ಹಬ್ಬದ ಊಟ ಬಿಟ್ಟು ಹೇಗೆ ದುಡಿದರು, ಎಲ್ಲವನ್ನೂ ಹೇಳಿದರು. ಆಮೇಲೆ, "ಅಕ್ಕೋರ, ನೀವು ಒಬ್ಬಾಕಿ ಹೆಣಮಗಳು ಬಿಸಲಾಗ ಒದ್ದಾಡಾಕತ್ತಿದ್ರಿ. ನೋಡಿ ನಮಗ ಕೆಟ್ಟ ಅನಸ್ತು. ಇನ್ನ ನೀವು ಏನೂ ಮಾಡೂದ ಬ್ಯಾಡ" ಎಂದರು. ಇನ್ನು ನಾನು ಏನೂ ಮಾಡುವುದು ಬೇಡ! ಈ ಸೀಮೆಯಲ್ಲಿ ಒಬ್ಬರಿಗೆ ಸಹಾಯ ಮಾಡಬೇಕು ಅನಿಸಿದರೆ ಅವರ ಹೊಲದಲ್ಲಿ ಕಬ್ಬು ಹಚ್ಚಿಬಿಡುತ್ತಾರೆ. ಬೇರೆ ಸಹಾಯ ಅವರಿಗೆ ಗೊತ್ತೇ ಇಲ್ಲ. ಬೈಯಬೇಕು ಎಂದು ಬಾಯಿ ತೆಗೆದೆ, ಆ ಮನುಷ್ಯನ ಅಂಗೈ ತುಂಬ ಬೊಬ್ಬೆ. ಅವರ ಹಿಂದೆಯೇ ಬಂದು ನಿಂತಿದ್ದ ಹೆಡ್ ಮಾಸ್ತರರ ಕಡೆ ತಿರುಗಿದೆ. ಅವರು ಕಬ್ಬಿನ ಕಡೆ ನೋಡುತ್ತ, ನೋಡೂಣ್ರಿ ಎಂದರು.

ಕಬ್ಬು ಒಳ್ಳೆಯ ಬೆಳೆ, ನಾನು ಬೇಡ ಎನ್ನುವವಳಲ್ಲ. ಆದರೆ ಕಬ್ಬು ವರ್ಷದ ಬೆಳೆ, ಪರೀಕ್ಷೆ ಫೆಬ್ರುವರಿಯಲ್ಲಿ. ಹಚ್ಚಿದವರು ದೊಡ್ಡವರು, ಕಡಿಯುವವರು ಕಾರ್ಖಾನೆಯ ಗ್ಯಾಂಗಿನವರು, ನಡುವೆ ಮಕ್ಕಳಿಗೆ ಏನು ಕೆಲಸ? ಮತ್ತೆ ನೀರು ತಿರುವುವುದೇ. ಪರೀಕ್ಷಕರು ಬಂದು ಇದರಲ್ಲಿ ನಿನ್ನದು ಯಾವುದು ಎಂದು ಕೇಳಿದರೆ ಮಕ್ಕಳು ಏನು ತೋರಿಸಬೇಕು? ಅವತ್ತು ತರಗತಿಗೆ ಹೋದರೆ ಒಂದು ಮಗುವೂ ಈ ಬಗ್ಗೆ ಮಾತಾಡಲಿಲ್ಲ. ಅವರಿಗೆ ಆಶ್ಚರ್ಯವೇ ಆಗಿರಲಿಲ್ಲ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು.

ಕಾಕಾನ ಮನೆಗೆ ಮೂರು ಸಲ ಹೋದೆ, ಮೂರು ಸಲವೂ ಚಹಾ ಕುಡಿದು ಬಂದೆ. ಮೊದಲ ಸಲ, ಕಬ್ಬನ್ನೇ ನೋಡಿ ಕಲಿಯಲಿ, ಉಳಿದದ್ದೆಲ್ಲ ಕಾಯಿಪಲ್ಲೆ, ಅದನ್ನೇನು ಕಲಿಯುವುದು ಎಂದರು. ಎರಡನೇ ಸಲ, ಈ ಕಬ್ಬು ಕಾರ್ಖಾನೆಗೆ ಹೋದ ಮೇಲೆ ಬರುವ ರೊಕ್ಕದಲ್ಲಿ ಹೆಣ್ಣುಮಕ್ಕಳಿಗೆ ಒಂದು ಚಲೋ ಶೌಚಾಲಯ ಕಟ್ಟಿಸೋಣ ಎಂದಿದ್ದೇವೆ ಎಂದರು. ಶೌಚಾಲಯ ಬೇಕು ಎಂದು ಜೂನ್‌ನಿಂದ ಬಾಯಿ ಬಡಿದುಕೊಂಡವಳು ನಾನೇ. ಈಗ ಏನಂತ ಎದುರು ಮಾತಾಡಲಿ! ಮೂರನೇ ಸಲ ಹೋಗುವಾಗ ದೀಪಾವಳಿ ಮುಗಿದಿತ್ತು, ಕಬ್ಬು ಕಣ್ಣೊಡೆದು ಗೇಣುದ್ದ ಎದ್ದಿತ್ತು. ಎಲ್ಲವೂ ಬೇಡ, ಒಂದು ಸಾಲು ಬಿಟ್ಟು ಒಂದು ಸಾಲು ತೆಗೆಯೋಣ, ನಡುವೆ ಮಕ್ಕಳ ಪಟ್ಟಿ ಮಾಡೋಣ, ಉಳಿದ ಕಬ್ಬಿಗೆ ಗಾಳಿ ಬೆಳಕು ಸಿಕ್ಕು ಅದೂ ಚೆನ್ನಾಗಿ ಬರುತ್ತದೆ ಎಂದು ನಾನು ಹೇಳಿದೆ. ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು.

"ಅಕ್ಕೋರ, ನೀವೂ ಒಕ್ಕಲತನದ ಮನಿಯವ್ರು. ಕಣ್ಣ ಒಡದ ಕಬ್ಬ ಯಾರರ ಕೀಳ್ತಾರೇನ್ರಿ?" ಎಂದರು. ದನಿ ಏರಿಸಲಿಲ್ಲ. "ಕೀಳೂದ ಆದ್ರ ನಾ ಅಲ್ಲೇ ಬಂದ ಕುಂಡರ್ತೇನಿ. ನನ್ನ ಕಣ್ಣ ಮುಂದ ಕೀಳ್ರಿ."

ಬುಧವಾರ ನಾವು ಹಿಂದೆ ಹೋದಾಗ ಕಾಕಾ ಖರೆ ಖರೆ ಬಂದು ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಟೋಪಿ, ಬಿಳಿ ಧೋತರ, ಕೈಯಲ್ಲಿ ಕೋಲು. ಮಕ್ಕಳೆಲ್ಲ ಸಾಲಿನ ಈಚೆ ನಿಂತರು, ಒಬ್ಬರೂ ಬಗ್ಗಲಿಲ್ಲ. ಬಗ್ಗುವುದು ಹೇಗೆ? ಬೆಳೆಯುವುದನ್ನು ಕೀಳುವ ಕೈ ಅವರದ್ದಲ್ಲ. ನಾನೇ ಮಾಡಿ ತೋರಿಸುತ್ತೇನೆ ಎಂದು ಗುದ್ದಲಿ ಎತ್ತಿದೆ. ಹಸಿರು ಮೊಳಕೆ ನೋಡಿ ನನ್ನ ಕೈಯೂ ಅಲ್ಲೇ ನಿಂತಿತು. ಎಷ್ಟು ಓದಿದರೇನು, ಹುಟ್ಟಿದ ಮನೆ ಬಿಡುತ್ತದೆಯೇ? ಇನ್ನೇನು ಎಲ್ಲ ಮುಗಿಯಿತು, ಈ ವರ್ಷವೂ ಕೂರಿಗೆಯ ಚಿತ್ರವೇ ಗತಿ ಎಂದುಕೊಂಡೆ.

ರೇಣುಕಾ ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡು ಅಜ್ಜನ ಕುರ್ಚಿಯ ಎದುರಿಗೆ ಹೋದಳು.

"ಮುತ್ಯಾ, ಇದು ನನ್ನ ಪಟ್ಟಿ. ಸುಣ್ಣದ ಗೆರಿ ಹೊಡದು ಹೆಸರ ಬರದಿದ್ವಿ. ಕಬ್ಬ ಹಚ್ಚೂ ಮುಂದ ನನ್ನ ಒಂದ ಮಾತ ಕೇಳಿದಿ ಏನ್?"

ಕಾಕಾ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ, ಕೇಳಿಲ್ಲವೆಂದರೆ ಕೇಳಿಲ್ಲ. ರೇಣುಕಾ ಬಗ್ಗಿ ಮೊದಲ ಗಣಿಕೆ ಅಗೆದು ಎಳೆದಳು. ಬೇರು ಚರಕ್ಕನೆ ಹರಿದ ಸಪ್ಪಳ ಎಲ್ಲರಿಗೂ ಕೇಳಿಸಿತು. ಎರಡನೆಯದಕ್ಕೂ ಹಾಗೆಯೇ ಕೈ ಹಾಕಿದಳು. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಕಾಕಾಗೆ ತಡೆಯಲಿಕ್ಕೆ ಆಗಲಿಲ್ಲ, ಕೋಲು ಬಿಸಾಕಿ ಎದ್ದರು. ಬೈಯುತ್ತಾರೆ ಎಂದು ನಾನು ಮುಂದೆ ಹೋದೆ. ಅವರು ನನ್ನನ್ನು ದಾಟಿ ಹೋಗಿ ಮೊಮ್ಮಗಳ ಬಾಜೂ ಕುಕ್ಕರಗಾಲಿನಲ್ಲಿ ಕೂತರು.

"ಹಂಗಲ್ಲವ್ವಾ, ಬೇರ ಹರೀತಾವ. ಮಣ್ಣ ಹಿಡದ ಎತ್ತು" ಎಂದರು.

ಮಣ್ಣು ಸಮೇತ ಎತ್ತಿದರೆ ಅದನ್ನು ಇನ್ನೊಂದು ಕಡೆ ಊರಬಹುದಲ್ಲ! ಊರಿನಲ್ಲಿ ಆಗ ತಾನೇ ಹಚ್ಚಿದ ಯಾರ ಕಬ್ಬಿನಲ್ಲಾದರೂ ಕಣ್ಣೊಡೆಯದೆ ಖಾಲಿ ಬಿದ್ದ ಜಾಗ ಇದ್ದೇ ಇರುತ್ತದೆ, ಕಾಕಾನ ಹೊಲದಲ್ಲೇ ಬೇಕಾದಷ್ಟಿತ್ತು. ನನಗೂ ಅವರಿಗೂ ಇದು ಒಟ್ಟಿಗೇ ಹೊಳೆಯಿತು, ಆದರೆ ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ, ಅಷ್ಟು ಮುನಿಸಿತ್ತು. ಅವರು ಬುಟ್ಟಿ ತರಿಸಿದರು, ಚಕ್ಕಡಿ ತರಿಸಿದರು. ಬುಧವಾರವಾದ್ದರಿಂದ ಎತ್ತಿಗೆ ರಜೆ ಇರಲಿಲ್ಲ. ಸಂಜೆಯ ಹೊತ್ತಿಗೆ ಅರ್ಧ ಕಬ್ಬು ಊರಿನ ಹೊಲಗಳಿಗೆ ಹಂಚಿ ಹೋಗಿತ್ತು, ಒಂದೂ ಸಾಯಲಿಲ್ಲ. ಹಾಗೆಂದು ಕಾಕಾ ನನ್ನನ್ನು ಕ್ಷಮಿಸಿದರು ಎಂದು ತಿಳಿಯಬೇಡಿ. ಅಕ್ಕೋರು ಶಾಲೆಯ ಕಬ್ಬು ಕಿತ್ತರು ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ಬಂದರು. ಗೋಕಾಕದ ಬಸ್ಸಿನ ಕಂಡಕ್ಟರ್ ಕೂಡ ಕಬ್ಬು ಕಿತ್ತವರು ಎಂದು ನನ್ನನ್ನು ಗುರುತು ಹಿಡಿಯುತ್ತಿದ್ದ.

ಆ ಚಳಿಗಾಲ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಎರಡು ಕಬ್ಬಿನ ಸಾಲಿನ ನಡುವೆ ಒಂದೊಂದು ಹಸಿರು ಪಟ್ಟಿ, ಬೆಳಿಗ್ಗೆ ಇಬ್ಬನಿ, ಮಕ್ಕಳ ಬೈದಾಟ. ನಿನ್ನ ನೀರು ನನ್ನ ಪಟ್ಟಿಗೆ ಬಂತು, ನಿನ್ನ ಮೂಲಂಗಿ ನನ್ನ ಗೆರೆ ದಾಟಿತು. ಮೊದಲ ಸಲದ ಮೆಂತೆ ಕೊತ್ತಂಬರಿ ಮನೆಗೆ ಹೋದ ಮೇಲೆ ತಾಯಂದಿರ ಮುಖವೂ ಬದಲಾಯಿತು. ಜಗಳ ತೆಗೆದಿದ್ದ ಮಹಾದೇವಿ ಬಂದು ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದಳು. ಪರೀಕ್ಷೆಗೆ ಸರಿಯಾಗಿ ಬೆಳೆ ನಿಂತಿರಲಿ ಎಂದು ಎರಡನೇ ಸಲದ ಬಿತ್ತನೆಯನ್ನು ನಾವು ಲೆಕ್ಕ ಹಾಕಿ ಮಾಡಿದೆವು. ಪರೀಕ್ಷೆಯ ಹಿಂದಿನ ಸಂಜೆ ನಾನು ಎಲ್ಲ ಪಟ್ಟಿ ಸುತ್ತಿದೆ. ಒಂದಕ್ಕಿಂತ ಒಂದು ಚೆಂದ ಇತ್ತು. ಬಸ್ಸಿನಲ್ಲಿ ಕೂತು ಘೋಡಗೇರಿಯವರೆಗೆ ಹಾಡು ಗುನುಗಿಕೊಂಡು ಹೋದೆ.

ಮರುದಿನ ಬೆಳಿಗ್ಗೆ ನಾನು ಬಸ್ಸಿಳಿಯುವಾಗಲೇ ಪರೀಕ್ಷಕರ ಗಾಡಿ ಬಂದು ನಿಂತಿತ್ತು. ಅವರನ್ನು ಕರೆದುಕೊಂಡು, ಮಕ್ಕಳ ಸಾಲಿನ ಮುಂದೆ ನಾನು, ಹಿಂದೆ ಹೆಡ್ ಮಾಸ್ತರರು, ಶಾಲೆಯ ಹಿಂದಕ್ಕೆ ಹೋದೆವು.

ಹೊಲ ಬೋಳಾಗಿತ್ತು. ಮೆಂತೆ ಇಲ್ಲ, ಕೊತ್ತಂಬರಿ ಇಲ್ಲ, ಮೂಲಂಗಿ ಕಿತ್ತ ಕುಳಿ ಮಾತ್ರ. ನಡುವೆ ಕಾಕಾನ ಕಬ್ಬು ಎದೆಯೆತ್ತರಕ್ಕೆ ಸೊಗಸಾಗಿ ನಿಂತಿತ್ತು!

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, ಇದು ಕಬ್ಬಿನ ಹೊಲ, ಮಕ್ಕಳ ಬೆಳೆ ಎಲ್ಲಿ ಎಂದು ಕೇಳಿದರು. ಆಗ ಮಹಾದೇವಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಅಡುಗೆ ಆಗಿದೆ, ಸಾಹೇಬರು ಊಟಕ್ಕೆ ಬರಬೇಕು ಎಂದಳು. ಏನಾಗಿತ್ತು ಎಂದರೆ, ದೂರದಿಂದ ಬರುವ ಸಾಹೇಬರಿಗೆ ಬಜಾರಿನ ಪಲ್ಲೆ ಮಾಡಿ ಹಾಕಿದರೆ ಊರಿನ ಮರ್ಯಾದೆ ಏನಾಗಬೇಕು, ನಮ್ಮ ಮಕ್ಕಳು ಬೆಳೆದದ್ದು ಇರುವಾಗ ಎಂದು ತಾಯಂದಿರೆಲ್ಲ ಮಾತಾಡಿಕೊಂಡು, ನಸುಕಿನಲ್ಲೇ ಬಂದು, ಸಾಹೇಬರಿಗೆ, ಮಾಸ್ತರರಿಗೆ, ಮಕ್ಕಳಿಗೆ, ಊರ ಹಿರಿಯರಿಗೆ ಎಂದು ಹೊಲದಲ್ಲಿ ಇದ್ದದ್ದನ್ನೆಲ್ಲ ಕಿತ್ತುಕೊಂಡು ಹೋಗಿದ್ದರು. ಮಕ್ಕಳನ್ನು ಕೇಳಿರಲಿಲ್ಲ. ಅವರು ಆಗ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಪರೀಕ್ಷೆಗೆ ತಯಾರಾಗುತ್ತಿದ್ದರು.

ಎಲ್ಲರೂ ಊಟಕ್ಕೆ ಒಳಗೆ ಹೋದರು, ನಾನು ಕೋಣೆಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ದುಃಖಕ್ಕಲ್ಲ, ಬರೀ ಸಿಟ್ಟಿಗೆ. ಜೂನ್‌ನಿಂದ ನಾನು ಬಡಿದಾಡಿದ್ದು ವೈರಿಗಳೊಂದಿಗೆ ಆಗಿದ್ದರೆ ಎಷ್ಟು ಸುಲಭವಿತ್ತು. ಇವರು ಪ್ರೀತಿಯಿಂದ ಹಚ್ಚುತ್ತಾರೆ, ಪ್ರೀತಿಯಿಂದ ಕೀಳುತ್ತಾರೆ, ನಡುವೆ ನಾವು ಯಾರ ಕುತ್ತಿಗೆ ಹಿಡಿಯಬೇಕು? ಒಳಗಿನಿಂದ ಹೆಡ್ ಮಾಸ್ತರರ ದನಿ ಕೇಳಿಸಿತು. ಮೊದಲು ಊಟ ಮಾಡ್ರಿ ಸರ್, ಆಮೇಲೆ ನೋಡೂಣ್ರಿ ಎನ್ನುತ್ತಿದ್ದರು.

ಕಣ್ಣು ಒರೆಸಿಕೊಂಡು ಒಳಗೆ ಬಂದಾಗ ಪರೀಕ್ಷಕರು ಮುಖ ಗಂಟು ಹಾಕಿಕೊಂಡು ತಾಟಿನ ಮುಂದೆ ಕೂತಿದ್ದರು. ಜೋಳದ ರೊಟ್ಟಿ, ಮೆಂತೆ ಪಲ್ಲೆ, ಕೊತ್ತಂಬರಿ ಉದುರಿಸಿದ ಝುಣಕ, ಹಸಿ ಹಕ್ಕರಕಿ, ಮೂಲಂಗಿ, ಮೊಸರು. ಉಪ್ಪು ಬಡಿಸುತ್ತಿದ್ದವಳು ರೇಣುಕಾ. ಅವಳ ಮುಖ ಕೆಂಪಾಗಿತ್ತು, ಅವ್ವನ ಕಡೆ ನೋಡುತ್ತಿರಲಿಲ್ಲ. ಪರೀಕ್ಷಕರು ಮೊದಲ ತುತ್ತು ಮುರಿದು ಮೆಂತೆ ಪಲ್ಲೆಗೆ ಅದ್ದಿದರು.

"ಅದು ನನ್ನ ಪಟ್ಟೀದರಿ ಸರ್" ಎಂದಳು.

ಅವರು ತುತ್ತು ಹಿಡಿದುಕೊಂಡೇ ತಲೆ ಎತ್ತಿದರು. ನಿನ್ನದೇ ಎಂದು ಹೇಗೆ ಗೊತ್ತು, ಪಲ್ಲೆಯಲ್ಲಿ ಎಲ್ಲ ಕೂಡಿರುತ್ತದೆ ಎಂದರು. ಮೆಂತೆ ಹಾಕಿದವರು ನಾವಿಬ್ಬರೇ, ನಾನು ಮತ್ತು ನನ್ನ ಗೆಳತಿ ಎಂದಳು. ತಿಂದು ನೋಡಿ, ಕಹಿ ಸ್ವಲ್ಪ ಹೆಚ್ಚಿದೆ, ಬದುವಿನ ಕಡೆ ನಮಗೆ ನೀರು ಸರಿಯಾಗಿ ಮುಟ್ಟಲಿಲ್ಲ ಎಂದಳು. ಎಲೆ ಸಣ್ಣದಿದೆ, ಬೀಜ ದಟ್ಟ ಬಿದ್ದಿತ್ತು, ಆಸೆಗೆ ಬಿದ್ದು ಕಿತ್ತು ತೆಳ್ಳಗೆ ಮಾಡಲಿಲ್ಲ, ಮುಂದಿನ ಸಲ ಹಾಗೆ ಮಾಡುವುದಿಲ್ಲ ಎಂದಳು. ಅವರು ತಿಂದರು. ಇನ್ನೊಂದು ತುತ್ತು ತಿಂದರು. ಆಮೇಲೆ ಮೂಲಂಗಿ ಕಡಿದು, ಇದು ಯಾಕೆ ಬೆಂಡಾಗಿದೆ ಎಂದು ಗಟ್ಟಿಯಾಗಿ ಕೇಳಿದರು. ಬಾಗಿಲಲ್ಲಿ ನಿಂತಿದ್ದ ಮೂಲಂಗಿಯವರು ಒಳಗೆ ನುಗ್ಗಿದರು. ಹಿಂದೆಯೇ ಕೊತ್ತಂಬರಿಯವರು. ಎಷ್ಟು ದಿನದ ಬೆಳೆ, ಏನು ಗೊಬ್ಬರ, ಯಾವ ಹುಳ, ಯಾರದು ತಪ್ಪು, ಒಬ್ಬರ ಮೇಲೆ ಒಬ್ಬರು ಹೇಳತೊಡಗಿದರು. ಕಡಲೆ ಹಾಕಿದವರು ನಮ್ಮದು ತಾಟಿನಲ್ಲಿ ಬಂದೇ ಇಲ್ಲ ಎಂದು ಜಗಳ ತೆಗೆದರೆ, ಮಹಾದೇವಿ ಓಡಿ ಹೋಗಿ ಒಂದು ಹಿಡಿ ಹಸಿ ಕಡಲೆಯ ಸುಲಗಾಯಿ ತಂದು ಸಾಹೇಬರ ಮುಂದಿಟ್ಟಳು. ಪರೀಕ್ಷೆ ಊಟದ ತಾಟಿನ ಮುಂದೆಯೇ ನಡೆಯಿತು. ಬಹಳ ಹೊತ್ತು ನಡೆಯಿತು, ಆ ಮನುಷ್ಯ ಪೂರ್ತಿ ನಾಲ್ಕು ರೊಟ್ಟಿ ಉಂಡರು.

ಕೈ ತೊಳೆದುಕೊಂಡು ಹೆಡ್ ಮಾಸ್ತರರಿಗೆ ಹೇಳಿದರು, "ಹೊಲಾ ನೋಡ್ದೆ ಅಂತ ಬರೀತೇನ್ರಿ. ಉಂಡೆ ಅಂತ ಬರದ್ರ ಮ್ಯಾಲಿನವ್ರು ಒಪ್ಪೂದಿಲ್ಲ."

ವಿಷಯ ಉಳಿಯಿತು. ನಾನು ಮರುವರ್ಷ ಬೇರೆ ಶಾಲೆಗೆ ಹೋದೆ. ಉಳಿದ ಅರ್ಧ ಕಬ್ಬು ಹೋದ ಮೇಲೆ ಶೌಚಾಲಯವೂ ಆಯಿತು, ಅದರ ಉದ್ಘಾಟನೆಗೆ ಕರೆದು ನನಗೆ ಶಾಲು ಹೊದಿಸಿದರು. ಆವತ್ತಿನಿಂದ ಮಾತ್ರ ಯಾರ ಮನೆಯಲ್ಲಾದರೂ ಊಟದ ಮೇಲೆ ಕೊತ್ತಂಬರಿ ಕಂಡರೆ, ಇದನ್ನು ಬೆಳೆದವರನ್ನು ಕೇಳಿ ಕಿತ್ತಿರೋ ಇಲ್ಲವೋ ಎಂದು ಕೇಳಬೇಕು ಅನಿಸುತ್ತದೆ.

ಬಸ್ಸು ಊರು ಮುಟ್ಟಿತು. ಕೊತ್ತಂಬರಿಯವಳು ಇಳಿಯಲು ದಾರಿ ಬಿಟ್ಟಳು. ಶಾಲೆಯ ಗೇಟಿನಲ್ಲಿ ಬಾಳಪ್ಪ ಕಾಕಾ ನಿಂತಿದ್ದರು, ಸ್ವಲ್ಪ ಬಾಗಿದ್ದಾರೆ, ನಗು ಅದೇ. ಆ ನಗು ಕಂಡ ಕೂಡಲೇ ನನಗೆ ಗೊತ್ತಾಯಿತು. ಈ ಸಲ ಏನು ಹಚ್ಚಿದ್ದೀರಿ ಕಾಕಾ ಎಂದು ಅಲ್ಲಿಂದಲೇ ಕೇಳಿದೆ. ಏನೂ ಹಚ್ಚಿಲ್ಲ, ನಾಳೆ ಹಚ್ಚುವುದು, ಮೊದಲು ನಿಮಗೆ ತೋರಿಸಬೇಕು ಎಂದು ಕರೆಸಿದೆ ಎಂದರು. ಏನು ಹಚ್ಚುವುದು ಎಂದೆ. ಕಬ್ಬು ಎಂದರು. ನನ್ನ ಕೈಚೀಲ ಅಲ್ಲೇ ನೆಲಕ್ಕೆ ಬಿತ್ತು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ" ಎಂದರು. "ರೇಣಿ ಮೂಡಲಗಿ ಕಾಲೇಜಿನಿಂದ ಸೂಟಿಗೆ ಬಂದಾಳ. ಆಕೀನೇ ಮುಂದ ನಿಂತು ಎಲ್ಲಾ ಹುಡುಗೂರ್ನ ಕೇಳಸ್ಯಾಳ. ಕೇಳಿದ್ವಿರಿ. ಅವ್ರೇ ಕಬ್ಬ ಅಂದ್ರು."

ನಾಲ್ಕು ವರ್ಷ! ಇಷ್ಟೆಲ್ಲ ಆದ ಮೇಲೆ ಆ ಮಕ್ಕಳನ್ನು ಬಾಯಿ ಬಿಟ್ಟು ಕೇಳಿದರೆ, ಅವರು ಕಬ್ಬು ಅನ್ನುತ್ತಾರೆ! ನಾನು ಕಾಕಾನನ್ನು ಅಲ್ಲೇ ಬಿಟ್ಟು ದಡದಡನೆ ಹಿಂದಕ್ಕೆ ನಡೆದೆ. ಹೊಲ ಹದವಾಗಿ ಉತ್ತು ಬಿದ್ದಿತ್ತು. ಮಕ್ಕಳು ಹಗ್ಗ ಹಿಡಿದು ಸುಣ್ಣದ ಗೆರೆ ಹಾಕುತ್ತಿದ್ದರು. ಕಬ್ಬಿಗೆ ದೂರ ದೂರ ಸಾಲು ಬಿಟ್ಟು, ನಡುವೆ ಅಗಲವಾದ ಪಟ್ಟಿ, ಪಟ್ಟಿಗೊಂದು ಕಟ್ಟಿಗೆ, ಕಟ್ಟಿಗೆಗೆ ಹೆಸರು. ರೇಣುಕಾ ಆ ತುದಿಯಲ್ಲಿ ಹಗ್ಗ ಹಿಡಿದು ನಿಂತವಳು ನನ್ನನ್ನು ನೋಡಿ ಕೈ ಎತ್ತಿದಳು, ಹಗ್ಗ ಮಾತ್ರ ಬಿಡಲಿಲ್ಲ. ಅವಳ ಕಡೆ ಹೋಗಬೇಕೆಂದು ನಾನು ಅವಸರದಲ್ಲಿ ಹೆಜ್ಜೆ ಇಟ್ಟೆ.

ಬಗ್ಗಿ ಸುಣ್ಣ ಸುರಿಯುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಲೆ ಎತ್ತಿದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಅಕ್ಕಾ, ಕಾಲ ತಗೀರಿ. ಅದು ನನ್ನ ಪಟ್ಟಿ" ಎಂದಳು.

ಕಾಲು ತೆಗೆದೆ.